ನಡು ಮಧ್ಯಾಹ್ನ ಸೋಲಾರ್ ಇನ್ವರ್ಟರ್ ಆಫ್ ಆಗ್ತಿದೆಯಾ? ರೀಸೆಟ್ ಮಾಡೋ ಮುಂಚೆ ಇಷ್ಟು ನೋಡಿ

ಹೊರಗೆ ಬಿಸಿಲು ಸುಡ್ತಿದೆ. ತಾರಸಿ ಮೇಲೆ ಪ್ಯಾನೆಲ್‌ಗಳು ಹೊಳೀತಿವೆ. ಆದ್ರೆ ಗೋಡೆಯಲ್ಲಿರೋ ಇನ್ವರ್ಟರ್‌ನಲ್ಲಿ ಕೆಂಪು ದೀಪ. ಸ್ವಿಚ್ ಆಫ್ ಮಾಡಿ ಆನ್ ಮಾಡಿದ್ರೆ ಐದು ನಿಮಿಷ ಓಡುತ್ತೆ, ಮತ್ತೆ ಕೆಂಪು ದೀಪ. ಸಂಜೆ ನಾಲ್ಕರ ಮೇಲೆ ತಾನಾಗೇ ಸರಿಹೋಗುತ್ತೆ. ಅಷ್ಟರಲ್ಲಿ ದಿನದ ಒಳ್ಳೆ ಬಿಸಿಲು ಮುಗಿದಿರುತ್ತೆ.

ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರೋ ಜಿಲ್ಲೆ ನಮ್ಮದು. ಈಗ ಮನೆ, ಅಂಗಡಿ, ಹಿಟ್ಟಿನ ಗಿರಣಿ ತಾರಸಿಗಳ ಮೇಲೂ ಪ್ಯಾನೆಲ್ ಬಂದಿವೆ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಮತ್ತು ಅದಕ್ಕಿಂತ ಹೆಚ್ಚಿನ ಘಟಕಕ್ಕೆ 78,000 ರೂಪಾಯಿ ಸಬ್ಸಿಡಿ ಸಿಗುತ್ತೆ ಅಂತ ಹಲವರು ಹಾಕಿಸಿಕೊಂಡಿದ್ದಾರೆ. ಹಾಕಿಸಿದ ಮೇಲೆ ಎದುರಾಗೋ ಮೊದಲ ತಲೆನೋವೇ ಈ "ತಾನಾಗೇ ಆಫ್ ಆಗೋದು".

ತುಂಬಾ ಜನ "ಇನ್ವರ್ಟರ್ ಸುಟ್ಟೋಯ್ತು" ಅಂದುಕೊಳ್ತಾರೆ. ಎಷ್ಟೋ ಸಲ ಅದು ಕೆಟ್ಟಿರೋದಿಲ್ಲ. ಎಲ್ಲೋ ಒಂದು ಕಡೆ ಅಪಾಯ ಕಂಡು ತನ್ನನ್ನು ತಾನೇ ನಿಲ್ಲಿಸಿಕೊಂಡಿರುತ್ತೆ. ಬೋರ್‌ವೆಲ್ ಇರೋ ರೈತರಿಗೆ ಇದನ್ನ ಹೇಳಿಕೊಡಬೇಕಿಲ್ಲ. ಸ್ಟಾರ್ಟರ್‌ನ ರಿಲೇ ಪದೇ ಪದೇ ಟ್ರಿಪ್ ಆಗುತ್ತೆ ಅಂತ ಅದಕ್ಕೆ ಕಡ್ಡಿ ಸಿಕ್ಕಿಸಿ ಮೋಟಾರ್ ಓಡಿಸಿದ್ರೆ ಆಮೇಲೆ ಮೋಟಾರ್ ಮೇಲೆತ್ತಿ ರಿವೈಂಡಿಂಗ್‌ಗೆ ಕೊಡಬೇಕಾಗುತ್ತೆ. ಸೋಲಾರ್ ಇನ್ವರ್ಟರ್ ಕತೆಯೂ ಅದೇ. ಯಾಕೆ ನಿಂತಿತು ಅಂತ ತಿಳಿಯದೆ ಪದೇ ಪದೇ ರೀಸೆಟ್ ಒತ್ತೋದು ಕಡ್ಡಿ ಸಿಕ್ಕಿಸಿದ ಹಾಗೇ.

ಮೊದಲು: ನಿಮ್ಮದು ಯಾವ ಇನ್ವರ್ಟರ್?

ನಮ್ಮಲ್ಲಿ ಎರಡನ್ನೂ "ಇನ್ವರ್ಟರ್" ಅಂತಲೇ ಕರೀತೀವಿ. ಒಂದು, ಬ್ಯಾಟರಿ ಇಟ್ಟು ಕರೆಂಟ್ ಹೋದಾಗ ಲೈಟು, ಫ್ಯಾನು ಓಡಿಸೋದು. ಕೆಲವರು ಇದನ್ನ ಯುಪಿಎಸ್ ಅಂತಾರೆ. ಇನ್ನೊಂದು, ಬ್ಯಾಟರಿ ಇಲ್ಲದೆ ಪ್ಯಾನೆಲ್ ಕರೆಂಟನ್ನ ನೇರವಾಗಿ ಮನೆಗೂ ಬೆಸ್ಕಾಂ ಲೈನಿಗೂ ಕೊಡೋದು. ಇದು ಗ್ರಿಡ್ ಇನ್ವರ್ಟರ್. ಸಬ್ಸಿಡಿಯಲ್ಲಿ ಬಂದು ನೆಟ್ ಮೀಟರ್ ಹಾಕಿಸಿಕೊಂಡಿರೋರ ಮನೆಯಲ್ಲಿ ಸಾಮಾನ್ಯವಾಗಿ ಇರೋದು ಇದೇ.

ಗ್ರಿಡ್ ಇನ್ವರ್ಟರ್ ಬಗ್ಗೆ ಒಂದು ಮಾತು ನೆನಪಿರಲಿ. ಲೈನಿನಲ್ಲಿ ಕರೆಂಟ್ ಹೋದ್ರೆ ಅದೂ ನಿಲ್ಲುತ್ತೆ, ಗರಿಷ್ಠ 2 ಸೆಕೆಂಡ್ ಒಳಗೆ ನಿಲ್ಲಲೇಬೇಕು. "ಇಷ್ಟು ಬಿಸಿಲಿದೆ, ಕರೆಂಟ್ ಹೋದ್ರೆ ಸೋಲಾರೂ ಯಾಕೆ ಹೋಗಬೇಕು?" ಅಂತ ಅಂಗಡಿಯವರು ಕೇಳ್ತಾರೆ. ಕಾರಣ ಕಂಬದ ಮೇಲಿದ್ದಾನೆ. ಲೈನ್ ಆಫ್ ಮಾಡಿಸಿಕೊಂಡು ಪವರ್‌ಮ್ಯಾನ್ ಕಂಬ ಹತ್ತಿರ್ತಾನೆ. ಆಗ ನಿಮ್ಮ ತಾರಸಿಯಿಂದ ಲೈನಿಗೆ ಕರೆಂಟ್ ಹರಿದ್ರೆ ಅವನ ಜೀವ ಹೋಗುತ್ತೆ. ಹಾಗಾಗಿ "ನೋ ಗ್ರಿಡ್" ಅಥವಾ "ಗ್ರಿಡ್ ಲಾಸ್ಟ್" ಅಂತ ತೋರಿಸಿ ನಿಂತಿದ್ರೆ, ಲೈನಿನಲ್ಲೂ ಕರೆಂಟ್ ಇಲ್ಲದಿದ್ರೆ, ಅದು ಸರಿಯಾಗೇ ಕೆಲಸ ಮಾಡ್ತಿದೆ. ಕರೆಂಟ್ ಬಂದ ಮೇಲೂ ತಕ್ಷಣ ಶುರುವಾಗಲ್ಲ. ಲೈನ್ ಸ್ಥಿರವಾಗಿದೆಯಾ ಅಂತ ಕನಿಷ್ಠ ಒಂದು ನಿಮಿಷ ನೋಡುತ್ತೆ, ಕೆಲವು ಇನ್ನೂ ಹೆಚ್ಚು ಹೊತ್ತು ಕಾಯುತ್ತೆ.

ಪಕ್ಕದ ಮನೆಯಲ್ಲೆಲ್ಲ ಕರೆಂಟಿದ್ದು, ನಿಮ್ಮ ಇನ್ವರ್ಟರ್ ಮಾತ್ರ "ನೋ ಗ್ರಿಡ್" ಅಂದ್ರೆ ಸೋಲಾರ್ ಕಡೆಯ ಎಸಿ ಬಾಕ್ಸ್‌ನಲ್ಲಿರೋ ಎಂಸಿಬಿ ಬಿದ್ದಿದೆಯಾ ನೋಡಿ. ಒಂದು ಸಲ ಎತ್ತಿ. ಮತ್ತೆ ಬಿದ್ರೆ ಎತ್ತಬೇಡಿ, ಹಾಕಿಕೊಟ್ಟವರನ್ನ ಕರೆಸಿ.

ರೀಸೆಟ್‌ಗೆ ಮುಂಚೆ ಮೂರು ವಿಷಯ ಬರೆದಿಡಿ

ಆಫ್ ಮಾಡಿ ಆನ್ ಮಾಡಿದ್ರೆ ಡಿಸ್‌ಪ್ಲೇ ಮೇಲಿನ ಕೋಡ್ ಅಳಿಸಿಹೋಗಬಹುದು. ಅದಕ್ಕೇ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೀರಿ. ಆಮೇಲೆ ಒಂದು ಪುಸ್ತಕದಲ್ಲಿ ಬರೆದಿಡಿ:

1. ಯಾವ ಕೋಡ್ ಅಥವಾ ಯಾವ ಮಾತು ತೋರಿಸ್ತು
2. ಎಷ್ಟು ಗಂಟೆಗೆ ನಿಂತಿತು, ಎಷ್ಟು ಗಂಟೆಗೆ ಮತ್ತೆ ಶುರುವಾಯ್ತು
3. ಆ ಹೊತ್ತಿಗೆ ಬಿಸಿಲೋ, ಮಳೆಯೋ, ಇಬ್ಬನಿಯೋ. ಲೈನ್ ವೋಲ್ಟೇಜ್ ಎಷ್ಟಿತ್ತು

ನಾಲ್ಕೈದು ದಿನ ಹೀಗೆ ಬರೆದ್ರೆ ಅರ್ಧ ರಿಪೇರಿ ಮುಗಿದ ಹಾಗೆ. ಯಾಕಂದ್ರೆ ನಿಲ್ಲೋ ಹೊತ್ತೇ ಕಾರಣ ಹೇಳುತ್ತೆ. ದಿನಾ ನಡು ಮಧ್ಯಾಹ್ನ ನಿಂತ್ರೆ ಹೆಚ್ಚಾಗಿ ಲೈನ್ ವೋಲ್ಟೇಜ್ ಅಥವಾ ಬಿಸಿ. ಬೆಳಿಗ್ಗೆ ಮಾತ್ರ ಅಥವಾ ಮಳೆ ಬಂದಾಗ ಮಾತ್ರ ನಿಂತ್ರೆ ಪ್ಯಾನೆಲ್ ಕಡೆಯ ವೈರಿಂಗ್. ಅಕ್ಕಪಕ್ಕದ ಪಂಪ್‌ಸೆಟ್‌ಗಳು ಓಡೋ ಹೊತ್ತಿಗೆ ನಿಂತ್ರೆ ಲೋ ವೋಲ್ಟೇಜ್.

ಮಧ್ಯಾಹ್ನದ ಕಾಯಿಲೆ: ಲೈನ್ ವೋಲ್ಟೇಜ್ ಜಾಸ್ತಿ

ಮನೆಗೆ ಬರೋ ಸಿಂಗಲ್ ಫೇಸ್ ಲೈನ್ ಲೆಕ್ಕಕ್ಕೆ 230 ವೋಲ್ಟ್. ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮದ ಪ್ರಕಾರ ಲೈನ್ ವೋಲ್ಟೇಜ್ 110 ಶೇಕಡಾ ದಾಟಿದ್ರೆ ಅಥವಾ 80 ಶೇಕಡಾಕ್ಕಿಂತ ಇಳಿದ್ರೆ ಇನ್ವರ್ಟರ್ ಲೈನಿನಿಂದ ಬಿಟ್ಟುಕೊಳ್ಳಬೇಕು. 230ರ ಲೆಕ್ಕದಲ್ಲಿ ಮೇಲಿನ ಮಿತಿ 253, ಕೆಳಗಿನದು 184. ಕೆಲವು ಇನ್ವರ್ಟರ್‌ಗಳನ್ನ 240ರ ಲೆಕ್ಕಕ್ಕೆ ಸೆಟ್ ಮಾಡಿರ್ತಾರೆ, ಅದರಲ್ಲಿ ಮೇಲಿನ ಮಿತಿ 264 ಆಗುತ್ತೆ.

ಮಧ್ಯಾಹ್ನವೇ ಯಾಕೆ ಜಾಸ್ತಿ ಆಗುತ್ತೆ? ಇನ್ವರ್ಟರ್ ಲೈನಿಗೆ ಕರೆಂಟ್ ತಳ್ಳಬೇಕಾದ್ರೆ ಅದರ ವೋಲ್ಟೇಜ್ ಲೈನಿಗಿಂತ ಒಂಚೂರು ಮೇಲಿರಬೇಕು. ನೀರು ಹರಿಯೋಕೆ ಒಂದು ಕಡೆ ಎತ್ತರ ಇರಬೇಕಲ್ಲ, ಹಾಗೆ. ಬಿಸಿಲು ಜಾಸ್ತಿಯಾದಷ್ಟೂ ಹೆಚ್ಚು ಕರೆಂಟ್ ತಳ್ಳಬೇಕು, ವೋಲ್ಟೇಜ್ ಇನ್ನೂ ಏರುತ್ತೆ. ಅದೇ ಹೊತ್ತಿಗೆ ಊರಿನಲ್ಲಿ ಬಳಕೆ ಕಮ್ಮಿ. ಒಂದೇ ಟಿಸಿ ಮೇಲೆ ಇನ್ನೂ ನಾಲ್ಕು ಮನೆ ಸೋಲಾರ್ ಇದ್ರೆ ಎಲ್ಲರೂ ಒಟ್ಟಿಗೆ ತಳ್ತಾರೆ.

ಇಲ್ಲಿ ನಿಮ್ಮ ಮನೆಯ ಕೇಬಲ್ ಪಾತ್ರವೂ ದೊಡ್ಡದು. ಒಂದು ಲೆಕ್ಕ ನೋಡಿ. 5 ಕಿಲೋವ್ಯಾಟ್ ಇನ್ವರ್ಟರ್ ಪೂರ್ತಿ ಬಿಸಿಲಲ್ಲಿ ಸುಮಾರು 21 ಆಂಪಿಯರ್ ಕೊಡುತ್ತೆ. ಇನ್ವರ್ಟರ್‌ನಿಂದ ಮೀಟರ್ ಬೋರ್ಡ್‌ಗೆ 40 ಮೀಟರ್ ದೂರ. ಹಾಕಿರೋದು 4 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್. ಹೋಗಿ ಬರೋ ಎರಡೂ ವೈರ್ ಸೇರಿ ಆ ಕೇಬಲ್ ಒಂದರಲ್ಲೇ ಸುಮಾರು 8 ವೋಲ್ಟ್ ಏರುತ್ತೆ. ಮೀಟರ್ ಹತ್ತಿರ ಲೈನ್ 248 ಇದ್ರೆ ಇನ್ವರ್ಟರ್‌ಗೆ ಕಾಣೋದು 256. ಮಿತಿ 253 ಆಗಿದ್ರೆ ಟ್ರಿಪ್. ಅದೇ ಜಾಗಕ್ಕೆ 10 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್ ಹಾಕಿದ್ರೆ ಏರಿಕೆ ಸುಮಾರು 3 ವೋಲ್ಟ್ ಅಷ್ಟೇ. 251ಕ್ಕೆ ನಿಲ್ಲುತ್ತೆ, ಇನ್ವರ್ಟರ್ ಓಡ್ತಾನೇ ಇರುತ್ತೆ. ಹಾಕಿಸುವಾಗ ಕೇಬಲ್‌ನಲ್ಲಿ ಉಳಿಸಿದ ದುಡ್ಡು ಹೀಗೆ ದಿನಾ ಮಧ್ಯಾಹ್ನ ಕೈಬಿಡುತ್ತೆ.

ತಪ್ಪು ಲೈನಿನದೋ ನಿಮ್ಮ ಕೇಬಲ್‌ನದೋ ಅಂತ ತಿಳಿಯೋಕೆ ಯಾವ ಬಾಕ್ಸೂ ಬಿಚ್ಚಬೇಕಿಲ್ಲ. ಇನ್ವರ್ಟರ್ ಡಿಸ್‌ಪ್ಲೇ ಅಥವಾ ಆ್ಯಪ್‌ನಲ್ಲಿ ಗ್ರಿಡ್ ವೋಲ್ಟೇಜ್ ಕಾಣುತ್ತೆ. ಹಲವು ಡಿಜಿಟಲ್ ಮೀಟರ್‌ಗಳಲ್ಲೂ ಅಂಕಿಗಳು ಒಂದಾದ ಮೇಲೆ ಒಂದು ಬರುವಾಗ ವೋಲ್ಟೇಜ್ ತೋರಿಸುತ್ತೆ.

* ಸೋಲಾರ್ ಓಡ್ತಿರುವಾಗ ಇನ್ವರ್ಟರ್‌ನಲ್ಲಿ 256, ಮೀಟರ್‌ನಲ್ಲಿ 248 ಇದ್ರೆ ತೊಂದರೆ ನಿಮ್ಮ ಕೇಬಲ್‌ನಲ್ಲಿ ಅಥವಾ ಸಡಿಲ ಜಾಯಿಂಟ್‌ನಲ್ಲಿ. ಇದು ಹಾಕಿಕೊಟ್ಟವರ ಕೆಲಸ.
* ಸೋಲಾರ್ ನಿಂತಾಗಲೂ ಮೀಟರ್‌ನಲ್ಲಿ 250ರ ಮೇಲೇ ಇದ್ರೆ ತೊಂದರೆ ಲೈನಿನದು. ಇದು ಬೆಸ್ಕಾಂ ಕೆಲಸ.
* ಸೋಲಾರ್ ನಿಂತಾಗ 238, ಓಡುವಾಗ ಮೀಟರ್‌ನಲ್ಲೂ 255 ಆದ್ರೆ ಕಂಬದಿಂದ ಮನೆಗೆ ಬರೋ ಸರ್ವೀಸ್ ವೈರ್ ತೆಳುವಾಗಿರಬಹುದು, ಜಾಯಿಂಟ್ ಸಡಿಲ ಇರಬಹುದು ಅಥವಾ ಟಿಸಿ ದೂರ ಇರಬಹುದು.

ಲೈನಿನ ತೊಂದರೆಯಾದ್ರೆ ಸೆಕ್ಷನ್ ಆಫೀಸಿಗೆ ಹೋಗಿ ಬರೀ "ಸೋಲಾರ್ ಓಡ್ತಿಲ್ಲ" ಅನ್ನಬೇಡಿ. "ಇಂಥ ಹೊತ್ತಿಗೆ ಮೀಟರ್ ಹತ್ತಿರ ಇಷ್ಟು ವೋಲ್ಟ್ ಬರ್ತಿದೆ" ಅಂತ ಫೋಟೋ ತೋರಿಸಿ. ಅವರು ಮಾಡಬಹುದಾದ್ದು ಹಲವು ಇವೆ: ಕಂಬದ ಮೇಲಿನ ಜಾಯಿಂಟ್ ಬಿಗಿ ಮಾಡೋದು, ನಿಮ್ಮ ಮನೆಯನ್ನ ಬೇರೆ ಫೇಸಿಗೆ ಬದಲಿಸೋದು, ಟ್ಯಾಪ್ ಇರೋ ಟಿಸಿ ಆಗಿದ್ರೆ ಟ್ಯಾಪ್ ಬದಲಿಸೋದು, ಲೈನ್ ವೈರ್ ದಪ್ಪ ಮಾಡೋದು.

ಅಲ್ಲಿವರೆಗೆ ಒಂದು ಸುಲಭ ಉಪಾಯ ಇದೆ. ನೀರಿನ ಮೋಟಾರ್, ಗ್ರೈಂಡರ್, ವಾಷಿಂಗ್ ಮೆಷಿನ್, ಇಸ್ತ್ರಿ ಪೆಟ್ಟಿಗೆ ಇವನ್ನೆಲ್ಲ ಬೆಳಿಗ್ಗೆ ಬದಲು ಹನ್ನೊಂದರಿಂದ ಮೂರರ ಒಳಗೆ ಓಡಿಸಿ. ಮನೆಯೊಳಗೇ ಕರೆಂಟ್ ಖರ್ಚಾದ್ರೆ ಲೈನಿಗೆ ತಳ್ಳೋದು ಕಮ್ಮಿ, ವೋಲ್ಟೇಜೂ ಇಳಿಯುತ್ತೆ.

ಲೈಟ್ ಒಮ್ಮೆ ಪ್ರಖರ, ಒಮ್ಮೆ ಮಂಕು ಆದ್ರೆ

ವೋಲ್ಟೇಜ್ ನಿಧಾನಕ್ಕೆ ಏರೋದು ಬೇರೆ. ಇದ್ದಕ್ಕಿದ್ದಂತೆ 280, 300 ತೋರಿಸಿ, ಆಮೇಲೆ 160ಕ್ಕೆ ಇಳಿದ್ರೆ ಅದು ನ್ಯೂಟ್ರಲ್ ವೈರ್ ಸಡಿಲ ಅಥವಾ ತುಂಡಾಗಿರೋ ಲಕ್ಷಣ. ಆಗ ಸೋಲಾರ್ ಮಾತು ಪಕ್ಕಕ್ಕಿಡಿ. ಮೇನ್ ಸ್ವಿಚ್ ಆಫ್ ಮಾಡಿ, ತಕ್ಷಣ 1912ಕ್ಕೆ ಫೋನ್ ಮಾಡಿ, ಪಕ್ಕದ ಮನೆಯವರಿಗೂ ಹೇಳಿ. ಫ್ರಿಜ್, ಟಿವಿ, ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ಸುಟ್ಟುಹೋಗೋದು ಇಂಥ ಹೊತ್ತಲ್ಲೇ. ಇನ್ವರ್ಟರ್ ಮುಂಚೆಯೇ ನಿಂತು ನಿಮಗೆ ಎಚ್ಚರಿಕೆ ಕೊಟ್ಟಿರುತ್ತೆ.

ಬೆಳಗಿನ ಕಾಯಿಲೆ: ಇನ್ಸುಲೇಷನ್ ಫಾಲ್ಟ್

ಇದನ್ನ ಹಗುರವಾಗಿ ತಗೋಬೇಡಿ. ಡಿಸ್‌ಪ್ಲೇನಲ್ಲಿ "ಐಸೊ", "ಇನ್ಸುಲೇಷನ್", "ಲೀಕೇಜ್ ಕರೆಂಟ್", "ಗ್ರೌಂಡ್ ಫಾಲ್ಟ್" ಅಂತ ಏನಾದ್ರೂ ಬರುತ್ತೆ. ಮಳೆ ಬಂದ ಮಾರನೇ ದಿನ ಅಥವಾ ಇಬ್ಬನಿ ಬಿದ್ದ ಬೆಳಿಗ್ಗೆ ಇನ್ವರ್ಟರ್ ಶುರುವಾಗಲ್ಲ. ಹತ್ತು, ಹನ್ನೊಂದಕ್ಕೆ ಒಣಗಿದ ಮೇಲೆ ತಾನೇ ಓಡುತ್ತೆ. "ಸರಿಹೋಯ್ತಲ್ಲ" ಅಂತ ಬಿಟ್ಟುಬಿಡ್ತೀವಿ.

ಪ್ಯಾನೆಲ್‌ನಿಂದ ಬರೋ ಪ್ಲಸ್, ಮೈನಸ್ ವೈರ್‌ಗಳು ಎಲ್ಲೂ ಭೂಮಿಗೆ ಅಥವಾ ಕಬ್ಬಿಣದ ಸ್ಟ್ಯಾಂಡಿಗೆ ತಾಗಬಾರದು. ಇನ್ವರ್ಟರ್ ಲೈನಿಗೆ ಸೇರೋ ಮುಂಚೆ ಇದನ್ನ ಪರೀಕ್ಷೆ ಮಾಡುತ್ತೆ. ಕನೆಕ್ಟರ್ ಒಳಗೆ ನೀರು ಹೋಗಿದ್ರೆ, ಕೇಬಲ್ ಸ್ಟ್ಯಾಂಡಿನ ಚೂಪು ಅಂಚಿಗೆ ಉಜ್ಜಿ ಸಿಪ್ಪೆ ಹೋಗಿದ್ರೆ, ಇಲಿ ಅಥವಾ ಅಳಿಲು ಕಚ್ಚಿದ್ರೆ, ಕೋತಿ ಎಳೆದಾಡಿದ್ರೆ, ತೆಂಗಿನ ಗರಿ ಬಿದ್ದು ಪ್ಯಾನೆಲ್ ಸೀಳಿದ್ರೆ ಈ ಕೋಡ್ ಬರುತ್ತೆ. ತೆಂಗಿನ ತೋಟದ ಮನೆಗಳವರು ಕೊನೆಯದನ್ನ ಮರೀಬೇಡಿ.

ಅಪಾಯ ಏನು ಅಂದ್ರೆ, ಒಂದೊಂದು ಪ್ಯಾನೆಲ್ 40 ವೋಲ್ಟ್ ಅಂದ್ಕೊಂಡ್ರೂ ಎಂಟು ಸಾಲಾಗಿ ಸೇರಿದ್ರೆ 320 ವೋಲ್ಟ್ ಡಿಸಿ. ವೈರಿನ ಸಿಪ್ಪೆ ಹೋಗಿ, ಅರ್ತಿಂಗೂ ಸರಿಯಿಲ್ಲದಿದ್ರೆ ಸ್ಟ್ಯಾಂಡಿಗೇ ಕರೆಂಟ್ ಬರಬಹುದು. ಇನ್ವರ್ಟರ್ ಆಫ್ ಆಗಿದ್ರೂ ಬಿಸಿಲು ಇರೋವರೆಗೆ ಪ್ಯಾನೆಲ್ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತೆ. ಅದಕ್ಕೆ ಸ್ವಿಚ್ ಸೂರ್ಯನೇ. ಆ ಸ್ಟ್ಯಾಂಡಿಗೆ ಬಟ್ಟೆ ಒಣಗಿಸೋ ತಂತಿ ಕಟ್ಟಿರೋ ಮನೆಗಳಿವೆ, ತಾರಸಿಯಲ್ಲಿ ಮಕ್ಕಳು ಆಡೋ ಮನೆಗಳಿವೆ.

ಈ ಕೋಡ್ ಕಂಡ್ರೆ ತಾರಸಿಗೆ ಮಕ್ಕಳನ್ನ ಬಿಡಬೇಡಿ, ಪ್ಯಾನೆಲ್ ತೊಳೆಯಬೇಡಿ, ಸ್ಟ್ಯಾಂಡ್ ಮುಟ್ಟಬೇಡಿ. ದೂರದಿಂದಲೇ ಕೇಬಲ್ ಜೋತುಬಿದ್ದಿದೆಯಾ, ಅರ್ತಿಂಗ್ ಪಟ್ಟಿ ಕಿತ್ತಿದೆಯಾ ನೋಡಿ, ಫೋಟೋ ತೆಗೆದು ಹಾಕಿಕೊಟ್ಟವರಿಗೆ ಕಳಿಸಿ. ಒದ್ದೆ ಇರುವಾಗಲೇ ಬಂದು ಪರೀಕ್ಷೆ ಮಾಡಲಿ ಅಂತ ಹೇಳಿ. ಒಣಗಿದ ಮೇಲೆ ಬಂದ್ರೆ "ಎಲ್ಲಾ ಚೆನ್ನಾಗಿದೆ" ಅಂತ ಹೋಗ್ತಾರೆ.

ಬಿಸಿಗೆ ನಿಲ್ಲೋದು

ಹಲವು ಇನ್ವರ್ಟರ್‌ಗಳು ಸುತ್ತಲ ಗಾಳಿ 45 ಡಿಗ್ರಿ ಹತ್ತಿರ ಬಂದ್ರೆ ಮೊದಲು ಉತ್ಪಾದನೆ ತಗ್ಗಿಸುತ್ತವೆ, ಬಿಸಿ ಇನ್ನೂ ಏರಿದ್ರೆ ನಿಲ್ಲುತ್ತವೆ. ತಗಡಿನ ಚಾವಣಿ ಕೆಳಗೆ, ಪಡುವಣ ಗೋಡೆಗೆ, ಗಾಳಿಯಾಡದ ಪೆಟ್ಟಿಗೆಯೊಳಗೆ ಹಾಕಿಸಿದ್ರೆ ಈ ತೊಂದರೆ ಖಚಿತ. ಮಳೆ ಬೀಳುತ್ತೆ ಅಂತ ಗೋಣಿಚೀಲ, ಪ್ಲಾಸ್ಟಿಕ್ ಹೊದಿಸೋದು ಬೇಡ. ಮೇಲೊಂದು ನೆರಳಿನ ಶೀಟ್, ಸುತ್ತ ಒಂದಡಿಯಷ್ಟು ಖಾಲಿ ಜಾಗ, ಹಿಂದಿನ ರೆಕ್ಕೆಗಳ ಧೂಳು ಒಣ ಬ್ರಷ್‌ನಲ್ಲಿ ತೆಗೆಯೋದು, ಇಷ್ಟು ಸಾಕು. ಹಿಟ್ಟಿನ ಗಿರಣಿ, ಮರದ ಕೆಲಸದ ಅಂಗಡಿಗಳಲ್ಲಿ ಧೂಳು ಬೇಗ ಕಟ್ಟುತ್ತೆ, ತಿಂಗಳಿಗೊಮ್ಮೆ ನೋಡಿ.

ಬ್ಯಾಟರಿ ಇರೋ ಅಂಗಡಿ ಇನ್ವರ್ಟರ್

ಬ್ಯಾಟರಿ ಇನ್ವರ್ಟರ್ ನಿಲ್ಲೋದಕ್ಕೆ ಸಾಮಾನ್ಯ ಕಾರಣ ಎರಡು. ಒಂದು ಓವರ್‌ಲೋಡ್. 1 ಕೆವಿಎ ಅಂದ್ರೆ ಸುಮಾರು 800 ವ್ಯಾಟ್. ಫ್ರಿಜ್ಜಿನ ಕಂಪ್ರೆಸರ್ ಶುರುವಾಗೋ ಕ್ಷಣ ತನ್ನ ಮಾಮೂಲಿ ಕರೆಂಟಿನ ಹಲವು ಪಟ್ಟು ಎಳೆಯುತ್ತೆ. ಫ್ರಿಜ್ ತೆಗೆದ್ರೆ ಸರಿ ಓಡುತ್ತೆ ಅಂದ್ರೆ ಕಾರಣ ಸಿಕ್ಕಿತು. ಎರಡನೆಯದು ಲೋ ಬ್ಯಾಟರಿ. 12 ವೋಲ್ಟಿನ ಆಸಿಡ್ ಬ್ಯಾಟರಿ ಸುಮಾರು 10.5ಕ್ಕೆ ಇಳಿದ್ರೆ ಇನ್ವರ್ಟರ್ ನಿಲ್ಲುತ್ತೆ. ಅದಕ್ಕಿಂತ ಕೆಳಗೆ ಎಳೆದ್ರೆ ಬ್ಯಾಟರಿ ಆಯಸ್ಸು ಮುಗೀತು. ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ರೆ ಇನ್ವರ್ಟರ್ ಆಫ್ ಮಾಡಿಸಿ ಕ್ಲೀನ್ ಮಾಡಿಸಿ.

ಇವನ್ನ ಮಾತ್ರ ಮಾಡಬೇಡಿ

* ಪ್ಯಾನೆಲ್ ಕನೆಕ್ಟರ್‌ಗಳನ್ನ ಬಿಸಿಲಲ್ಲಿ ಎಳೆದು ಬಿಚ್ಚಬೇಡಿ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರೋದ್ರಿಂದ ಕಿಡಿ ಆರುತ್ತೆ. ಡಿಸಿ ಕಿಡಿ ಹಾಗೆ ಆರೋದಿಲ್ಲ, ಎಳೆದಷ್ಟೂ ಉದ್ದವಾಗಿ ಉರಿಯುತ್ತೆ. ಬೆಂಕಿ ಹತ್ತೋದು ಹೀಗೇ.
* ಆಫ್ ಮಾಡಲೇಬೇಕಾದ್ರೆ ಮೊದಲು ಎಸಿ ಸ್ವಿಚ್, ಆಮೇಲೆ ಡಿಸಿ ಸ್ವಿಚ್. ಐದು ನಿಮಿಷ ಕಾಯಿರಿ. ಆನ್ ಮಾಡೋ ಕ್ರಮ ಇನ್ವರ್ಟರ್ ಪುಸ್ತಕದಲ್ಲಿರುತ್ತೆ, ಅದರಂತೆ ಮಾಡಿ.
* ಸುಟ್ಟ ವಾಸನೆ, ಹೊಗೆ, ಚಟಚಟ ಸದ್ದು ಇದ್ರೆ ಯಾವ ಸ್ವಿಚ್ಚೂ ಹುಡುಕಬೇಡಿ. ದೂರ ಬನ್ನಿ, 101 ಅಥವಾ 112ಕ್ಕೆ ಫೋನ್ ಮಾಡಿ.
* "ವೋಲ್ಟೇಜ್ ಮಿತಿ 280ಕ್ಕೆ ಏರಿಸಿಕೊಡ್ತೀನಿ, ಟ್ರಿಪ್ಪೇ ಆಗಲ್ಲ" ಅಂತ ಯಾರಾದ್ರೂ ಬಂದ್ರೆ ಒಪ್ಪಬೇಡಿ. ಆ 280 ವೋಲ್ಟ್ ನಿಮ್ಮ ಫ್ರಿಜ್ಜಿಗೂ ಹೋಗುತ್ತೆ, ಪಕ್ಕದ ಮನೆಗೂ ಹೋಗುತ್ತೆ. ಸೆಟ್ಟಿಂಗ್ ನಿಯಮದ ಒಳಗೆ ಇದೆಯಾ ಅಂತ ನೋಡಿಸೋದು ಸರಿ, ನಿಯಮ ದಾಟಿಸೋದು ತಪ್ಪು.
* ಕರೆಂಟ್ ಹೋದಾಗ ಗ್ರಿಡ್ ಇನ್ವರ್ಟರ್ ಓಡಲಿ ಅಂತ ಡೀಸೆಲ್ ಜನರೇಟರ್ ಸೇರಿಸಬೇಡಿ. ಅದಕ್ಕೆ ಬೇರೆಯೇ ವ್ಯವಸ್ಥೆ ಬೇಕು.

ಯಾರನ್ನ ಕೇಳಬೇಕು?

ದುಡ್ಡಿನ ಲೆಕ್ಕ ಮೊದಲು ನೋಡಿ. 1 ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಅಂದ್ರೆ 3 ಕಿಲೋವ್ಯಾಟ್‌ಗೆ 12 ಯೂನಿಟ್. ಮಧ್ಯಾಹ್ನ ನಾಲ್ಕು ತಾಸು ನಿಂತ್ರೆ ಅರ್ಧದಷ್ಟು, 6 ಯೂನಿಟ್ ಹೋಯ್ತು. ಅಂಗಡಿ ದರ ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದ್ರೂ ತಿಂಗಳಿಗೆ 1,260 ರೂಪಾಯಿ. ಸಾಲ ಮಾಡಿ ಹಾಕಿಸಿದವರಿಗೆ ಇದು ಕಂತಿನ ದುಡ್ಡು.

ಪಿಎಂ ಸೂರ್ಯ ಘರ್‌ನಲ್ಲಿ ಹಾಕಿಸಿದ್ರೆ ಹಾಕಿಕೊಟ್ಟವರು 5 ವರ್ಷ ನಿರ್ವಹಣೆ ನೋಡಿಕೊಳ್ಳಬೇಕು. ಒಪ್ಪಂದದ ಕಾಗದ ತೆಗೆದು ಫೋನ್ ಮಾಡಿ. ಬರದಿದ್ರೆ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ, ದಾಖಲೆ ಇರುತ್ತೆ.

ಲೈನಿನ ತೊಂದರೆಗೆ 1912ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಸೆಕ್ಷನ್ ಆಫೀಸಿನಲ್ಲಿ ಲಿಖಿತ ಅರ್ಜಿ ಕೊಟ್ಟು ಇನ್ನೊಂದು ಪ್ರತಿ ಮೇಲೆ ಸೀಲ್ ಹಾಕಿಸಿಕೊಳ್ಳಿ. ಒಂದು ವಿಷಯ ಗೊತ್ತಿರಲಿ: ಗ್ರಾಹಕರ ಹಕ್ಕುಗಳ ಕುರಿತ ವಿದ್ಯುತ್ ನಿಯಮಕ್ಕೆ 2024ರ ಫೆಬ್ರವರಿಯಲ್ಲಿ ತಿದ್ದುಪಡಿ ಆಗಿದೆ. ಅದರಂತೆ 5 ಕಿಲೋವ್ಯಾಟ್‌ವರೆಗಿನ ತಾರಸಿ ಸೋಲಾರ್‌ಗೆ ಬೇಕಾದ ಲೈನ್, ಟಿಸಿ ಬಲಪಡಿಸೋ ಖರ್ಚು ವಿದ್ಯುತ್ ಕಂಪನಿಯದ್ದೇ. "ನೀವೇ ದುಡ್ಡು ಕಟ್ಟಿ" ಅಂದ್ರೆ ಇದನ್ನ ಅರ್ಜಿಯಲ್ಲೇ ಬರೀರಿ. ಅಲ್ಲೂ ಕೆಲಸ ಆಗದಿದ್ರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ.

ಎಲ್ಲಾ ಕಡೆಯೂ ನಿಮ್ಮ ಕೈ ಹಿಡಿಯೋದು ಆ ಪುಸ್ತಕದಲ್ಲಿ ಬರೆದಿಟ್ಟ ಕೋಡ್, ಹೊತ್ತು, ವೋಲ್ಟೇಜ್. ಇವತ್ತೇ ಇನ್ವರ್ಟರ್ ಪಕ್ಕದ ಮೊಳೆಗೆ ಒಂದು ಪೆನ್ನು, ಒಂದು ಹಳೇ ಡೈರಿ ನೇತುಹಾಕಿ. ನಾಳೆ ಕೆಂಪು ದೀಪ ಬಂದ್ರೆ ಮೊದಲು ಫೋಟೋ, ಆಮೇಲೆ ಡೈರಿ, ಆಮೇಲೆ ಫೋನ್.